ನಾಗಮಲ್ಲಿಗೆಯ ಮೇಲೆ ನಾನು ಬರೆದ ಎರಡು ವರದಿಗಳು

“ಅಸಿಸ್ಟೆಂಟ್ ಸಹಿ ಹಾಕಿದ ವರದಿ ಈ ಬಾಗಿಲು ದಾಟೋದು ಆಗದ ಮಾತು.” ಹೀಗೆ ಹೇಳಿದವರು ಶೇಷಗಿರಿಯವರು. ಬಂಗಾರಪೇಟೆಯಲ್ಲಿ ನಾನು ಮೊದಲು ಕೆಲಸಕ್ಕೆ ಸೇರಿದ ಔಷಧ ಕಾರ್ಖಾನೆಯಲ್ಲಿ ಅವರು ಮುಖ್ಯ ವಿಶ್ಲೇಷಕರು, ನಾನು ಅವರ ಸಹಾಯಕ. ಎಲೆ ಅರೆದು ಹಚ್ಚಿದರೆ ಗಜಕರ್ಣ ವಾಸಿಯಾಗುತ್ತದೆ ಅನ್ನುವುದೂ ಆಗದ ಮಾತು ಎಂದು ಅವರೇ ಇನ್ನೊಂದು ದಿನ ಹೇಳಿದರು. ಎರಡೂ ಆದವು. ಹೇಗೆ ಆದವು ಅನ್ನುವುದನ್ನು ಬರೆಯಲು ಕೂತಿದ್ದೇನೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಅದು ಮುಚ್ಚಿ ಎಷ್ಟೋ ಕಾಲವಾಯಿತು, ಆ ಜಾಗದಲ್ಲಿ ಈಗ ಸೌದೆ ಡಿಪೋ ಇದೆ.

ಪ್ರಯೋಗಾಲಯದ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳು ಈಗಲೂ ನನ್ನ ಹತ್ತಿರ ಬರುತ್ತಾರೆ. ಬಡ್ತಿ ಎಷ್ಟು ವರ್ಷಕ್ಕೆ ಸಿಕ್ಕಿತು, ಕಡೆಗೆ ಯಾವ ಹುದ್ದೆಯಲ್ಲಿ ನಿವೃತ್ತರಾದಿರಿ ಎಂದು ಕೇಳುತ್ತಾರೆ. ಅದನ್ನು ಬಿಡಿ. ಮೂವತ್ತು ವರ್ಷಕ್ಕೂ ಮೀರಿದ ನೌಕರಿಯಲ್ಲಿ ನನಗೆ ನಿದ್ದೆ ಕೆಡಿಸಿದ್ದು ಒಂದೇ ಒಂದು ತಪ್ಪು. ಅದು ಬೇರೆಯವರ ತಪ್ಪೂ ಹೌದು. ಮೊದಲು ನನ್ನದನ್ನು ಹೇಳಿ ಆಮೇಲೆ ಅವರದಕ್ಕೆ ಬರುತ್ತೇನೆ.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಪ್ರಾಥಮಿಕ ಶಾಲೆ ದಾಟಿದವರು ಯಾರೂ ಇಲ್ಲ. ಅಪ್ಪ ಚಿನ್ನದ ಗಣಿಯಲ್ಲಿ, ಮೈಸೂರು ಮೈನ್ಸಿನಲ್ಲಿ, ನೆಲದಡಿ ಮರದ ಕಂಬ ನಿಲ್ಲಿಸುವ ಕೂಲಿ. ನಾನು ಕೈಕೂಸಾಗಿದ್ದಾಗಲೇ ಅಮ್ಮ ತೀರಿಕೊಂಡಳು. ಸಾಕಿದ್ದು ಅಪ್ಪನ ಅಕ್ಕ, ಬೂದಿಕೋಟೆಯ ಗುರಮ್ಮತ್ತೆ. ನಾನು ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು, ಹಾಲಿನ ಕ್ಯಾನುಗಳ ಮಧ್ಯೆ ನಿಂತುಕೊಂಡೇ ಸಸ್ಯಶಾಸ್ತ್ರ ಓದಿ, ಬೆಂಗಳೂರಿನ ಕಾಲೇಜಿನಿಂದ ಬಿ.ಎಸ್ಸಿ. ಮುಗಿಸಿದೆ. ಫಲಿತಾಂಶ ಬಂದ ದಿನ ಅತ್ತೆ ಊರೆಲ್ಲಾ ಸುತ್ತಿ, ನಮ್ಮ ನಾರಾಯಣ ಈಗ ಗಿಡದ ಡಾಕ್ಟರು ಅಂತ ಹೇಳಿಬಂದಳು. ಹಾಗಲ್ಲ ಅತ್ತೆ ಅಂದರೆ ಕೇಳಲಿಲ್ಲ.

ಗಿಡ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಂಡರ್ಸನ್‌ಪೇಟೆಯ ಗಣಿಗೆ ಹತ್ತಿರದ ಸಂತೆ ಬೀದಿಯಲ್ಲಿ ಒಂದು ಹುಣಸೆಮರದ ಕೆಳಗೆ ವಾರಕ್ಕೆ ಎರಡು ದಿನ ಕೂರುತ್ತಿದ್ದಳು. ಮುಂದೆ ಒಂದು ಮಣ್ಣಿನ ಮಡಕೆ. ಅದರೊಳಗೆ ನಾಗಮಲ್ಲಿಗೆ ಎಲೆಯನ್ನು ಹರಳೆಣ್ಣೆಯಲ್ಲಿ ಅರೆದು ಮೂರು ದಿನ ನೆನೆಸಿಟ್ಟ ಮದ್ದು. ಗಣಿಯ ಒಳಗೆ ಒಲೆಯ ಮುಂದೆ ನಿಂತ ಹಾಗೆ ಸೆಕೆ. ಬೂಟಿನೊಳಗೆ ಬೆವರು, ಸೊಂಟದ ಪಟ್ಟಿಯ ಅಡಿಯಲ್ಲಿ ಬೆವರು. ಶಿಫ್ಟ್ ಮುಗಿಸಿ ಮೇಲೆ ಬಂದವರಲ್ಲಿ ಕಾಲ್ಬೆರಳ ಸಂದಿ ಬಿರಿಯದವನು, ತೊಡೆಯಲ್ಲಿ ಗಜಕರ್ಣ ಏಳದವನು ಅಪರೂಪ. ಅವರೆಲ್ಲ ಅತ್ತೆಯ ಮಡಕೆಯ ಸುತ್ತ ಕೂರುತ್ತಿದ್ದರು. ತೆಲುಗಿನವರು, ತಮಿಳಿನವರು, ನಮ್ಮವರು. ನಾಗಮಲ್ಲಿಗೆಗೆ ಮೂರು ಭಾಷೆಯಲ್ಲೂ ಹೆಚ್ಚು ಕಡಿಮೆ ಅದೇ ಹೆಸರು, ಹಾಗಾಗಿ ವಿವರಿಸುವ ಕಷ್ಟವಿರಲಿಲ್ಲ. ಅತ್ತೆಯದು ಒಂದೇ ನಿಯಮ: ಮದ್ದಿಗೆ ನೀರು ಸೋಕಬಾರದು. ಒದ್ದೆ ಕೈಯಲ್ಲಿ ಮಡಕೆ ಮುಟ್ಟಿದರೆ ಬೆತ್ತದಲ್ಲಿ ಹೊಡೆಯುತ್ತಿದ್ದಳು. ಚಿಕ್ಕವನಾಗಿದ್ದಾಗ ನಾನೂ ತಿಂದಿದ್ದೇನೆ. ಅದು ಮಡಿ ಮೈಲಿಗೆಯ ಥರದ್ದು ಯಾವುದೋ ಆಚಾರ ಅಂತ ನಾನು ತಿಳಿದಿದ್ದೆ. ಡಿಗ್ರಿ ಬಂದ ಮೇಲಂತೂ ಖಚಿತವಾಗಿ ಹಾಗೇ ತಿಳಿದೆ.

ಇನ್ನು ಕಾರ್ಖಾನೆ. ಅಲ್ಲಿ ಗಜಕರ್ಣಕ್ಕೆ ಹಚ್ಚುವ ಒಂದು ಬಿಳಿ ಮುಲಾಮು ತಯಾರಾಗುತ್ತಿತ್ತು. ಪ್ರಯೋಗಾಲಯ ಅಂದರೆ ಒಂದು ಉದ್ದನೆಯ ಕೋಣೆ, ಎರಡು ಮೇಜು, ಒಂದು ತಕ್ಕಡಿ, ಸ್ಟವ್. ನನ್ನ ಕೆಲಸದ ಮುಕ್ಕಾಲು ಪಾಲು ಗಾಜು ತೊಳೆಯುವುದು. ಈಗಿನವರಿಗೆ ಎಲ್ಲ ತಯಾರಾಗಿ ಡಬ್ಬಿಯಲ್ಲಿ ಬರುತ್ತದೆ. ನಾವು ಗಜಕರ್ಣ ತರುವ ಶಿಲೀಂಧ್ರ ಬೆಳೆಸುವ ತಟ್ಟೆಗೆ ಚೈನಾ ಗ್ರಾಸ್ ಅನ್ನುವ ಒಣ ಕಡಲಪಾಚಿಯನ್ನು ಗಂಜಿಯ ಹಾಗೆ ಬೇಯಿಸಿ, ಸೋಸಿ, ತಟ್ಟೆಗೆ ಹೊಯ್ದು, ಹೆಪ್ಪುಗಟ್ಟುವ ತನಕ ಉಸಿರು ಬಿಗಿ ಹಿಡಿದು ಕಾಯಬೇಕಿತ್ತು. ಸೇರಿದ ಹೊಸದರಲ್ಲಿ ಸೆಕೆ ತಾಳದೆ ಕಿಟಕಿ ತೆಗೆದುಬಿಟ್ಟೆ. ವಾರ ಕಳೆಯುವುದರೊಳಗೆ ಅಷ್ಟೂ ತಟ್ಟೆಯಲ್ಲಿ ಹಸಿರು ಬೂಷ್ಟು. ಶೇಷಗಿರಿಯವರು ಒಂದು ತಟ್ಟೆ ಎತ್ತಿ ಎಲ್ಲರಿಗೂ ತೋರಿಸಿ, ನಾರಾಯಣಪ್ಪ ಮನೆಯಿಂದ ಹಳಸಿದ ಮುದ್ದೆ ತಂದಿಟ್ಟಿದ್ದಾನೆ ಅಂದರು. ಎಲ್ಲರೂ ನಕ್ಕರು. ತಪ್ಪು ನನ್ನದು, ಒಪ್ಪುತ್ತೇನೆ. ಮುದ್ದೆ ಏನು ಮಾಡಿತ್ತು?

ಶಿಲೀಂಧ್ರ ಎಲ್ಲಿಂದ ಬರಬೇಕು? ಗಣಿ ಕೆಲಸಗಾರರ ಕಾಲಿಂದ. ವಾರಕ್ಕೊಮ್ಮೆ ನಾನು ಅವರಿದ್ದ ಸಾಲುಮನೆಗಳ, ಅಂದರೆ ಲೈನ್ ಮನೆಗಳ ಕಡೆ ಹೋಗಿ, ಒಪ್ಪಿದವರ ಕಾಲಿನ ಒಣಚರ್ಮವನ್ನು ಮೊಂಡು ಚಾಕುವಿನಿಂದ ಕೆರೆದು ಕಾಗದದ ಪೊಟ್ಟಣದಲ್ಲಿ ತರುತ್ತಿದ್ದೆ. ಶೇಷಗಿರಿಯವರು ಅದನ್ನು ಮಾಲು ಅನ್ನುತ್ತಿದ್ದರು. “ಇವತ್ತು ಮಾಲು ಬಂತೇನಯ್ಯಾ?” ಒಮ್ಮೆ ಆ ಪೊಟ್ಟಣದಲ್ಲಿದ್ದದ್ದು ನಮ್ಮಪ್ಪನ ಚರ್ಮ. ಬಂತು ಸರ್ ಅಂದೆ. ಇಷ್ಟು ವರ್ಷದ ಮೇಲೂ ಆ ‘ಬಂತು ಸರ್’ ನೆನಪಾದರೆ ಮೈ ಉರಿಯುತ್ತದೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಅತ್ತೆಯ ಮದ್ದು ಹಚ್ಚಿ ಕಾಲು ಕೊಳೆಯಿತು ಎಂದು ಯಾರೋ ಹೆಸರಿಲ್ಲದ ದೂರು ಬರೆದರು. ನಮ್ಮ ಮುಲಾಮಿನ ಏಜೆಂಟನೇ ಬರೆದದ್ದು ಅಂತ ಅಪ್ಪನ ಜೊತೆ ಕೆಲಸ ಮಾಡುತ್ತಿದ್ದ ಏಳುಮಲೈ ಕಡೆಯವರೆಗೂ ಹೇಳುತ್ತಿದ್ದ. ನನ್ನ ಹತ್ತಿರ ಸಾಕ್ಷಿಯಿಲ್ಲ. ದೂರಿನ ಮೇಲೆ ಹೆಲ್ತ್ ಇನ್ಸ್‌ಪೆಕ್ಟರ್ ಜೋಸೆಫರು ಅತ್ತೆಯಿಂದ ಒಂದು ಸಣ್ಣ ಮಡಕೆ ಮದ್ದು, ಒಂದು ಕಟ್ಟು ಹಸಿ ಎಲೆ ತೆಗೆದುಕೊಂಡು ಪರೀಕ್ಷೆಗೆ ಕಳಿಸಿದರು. ಸುತ್ತಮುತ್ತ ಶಿಲೀಂಧ್ರ ಬೆಳೆಸಿ ನೋಡುವ ಸೌಕರ್ಯ ಇದ್ದದ್ದು ನಮ್ಮಲ್ಲಿ ಮಾತ್ರ. ಮುಲಾಮು ಮಾರುವವರ ಕೈಗೇ ಮದ್ದು ಮಾರುವವಳ ತೀರ್ಮಾನ ಹೋಯಿತು. ಆಗ ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ಚೀಟಿಯಲ್ಲಿ ಹೆಸರು ಓದಿ ಶೇಷಗಿರಿಯವರು ನನ್ನ ಕಡೆ ತಿರುಗಿದರು. “ಯಾರಯ್ಯಾ ಈ ಗುರಮ್ಮ? ಬೂದಿಕೋಟೆಯವಳಂತೆ, ನಿಮ್ಮ ಕಡೆಯವಳಾ?”

ನಾನು ಗೊತ್ತಿಲ್ಲ ಅಂದೆ.

ಇದನ್ನು ಯಾರೂ ನನ್ನ ಬಾಯಿಂದ ಹೊರಡಿಸಲಿಲ್ಲ. ಬಿ.ಎಸ್ಸಿ. ಪಾಸಾದವನ ಅತ್ತೆ ಹುಣಸೆಮರದ ಕೆಳಗೆ ಮದ್ದು ಮಾರುತ್ತಾಳೆ ಅನ್ನುವುದು ಆ ಕೋಣೆಯಲ್ಲಿ ತಿಳಿಯಬಾರದು ಅಂತ ನಾನೇ ಹೇಳಿದ ಸುಳ್ಳು.

ಎಣ್ಣೆಯ ಮಡಕೆ ಪಕ್ಕಕ್ಕಿಡು, ಎಣ್ಣೆ ತಟ್ಟೆಯ ಮೇಲೆ ಹರಡುವುದಿಲ್ಲ, ಎಲೆಯನ್ನು ಪದ್ಧತಿ ಪ್ರಕಾರ ಕಷಾಯ ಮಾಡಿ ನೋಡು ಅಂದರು ಶೇಷಗಿರಿಯವರು. ಪದ್ಧತಿ ಅಂದರೆ ನೀರಲ್ಲಿ ಕುದಿಸುವುದು. ನೀರು ಸೋಕಬಾರದು ಅನ್ನುವುದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಿದರೆ, ನಿನಗೆ ಹೇಗೆ ಗೊತ್ತು ಅನ್ನುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಅದು ಅತ್ತೆಯ ಮೂಢನಂಬಿಕೆ ಅಂತ ನಾನೇ ನಂಬಿದ್ದೆ. ಎಲೆಯನ್ನು ಮೂರು ಸಲ ತೊಳೆದೆ. ಅರ್ಧ ಗಂಟೆ ಕುದಿಸಿದೆ, ಸೋಸಿದೆ. ಶಾಯಿ ಹೀರುವ ಒತ್ತುಕಾಗದದ ಸಣ್ಣ ಬಿಲ್ಲೆಗಳನ್ನು ಅದರಲ್ಲಿ ಅದ್ದಿ ಶಿಲೀಂಧ್ರ ಬಿತ್ತಿದ ತಟ್ಟೆಯ ಮೇಲಿಟ್ಟೆ. ಬಿಲ್ಲೆಯಲ್ಲಿ ಗುಣವಿದ್ದರೆ ಅದರ ಸುತ್ತ ಶಿಲೀಂಧ್ರ ಬೆಳೆಯದೆ ಬೋಳು ಉಂಗುರ ಉಳಿಯುತ್ತದೆ. ಹತ್ತು ದಿನ ಕಳೆದು ನೋಡಿದರೆ ಬಿಲ್ಲೆಯ ಮೇಲೂ ಹತ್ತಿಯ ಹಾಗೆ ಬೆಳೆದು ಕೂತಿತ್ತು. ‘ಯಾವ ಪರಿಣಾಮವೂ ಇಲ್ಲ’ ಎಂದು ನಾನು ಬರೆದೆ. ಶೇಷಗಿರಿಯವರು ಸಹಿ ಹಾಕಿದರು. ಎಲೆ ಅರೆದು ಗಜಕರ್ಣ ವಾಸಿ ಮಾಡುವುದು ಆಗದ ಮಾತು ಅಂದದ್ದು ಅವತ್ತೇ.

ಕಾಗದ ನೋಡಿ ಜೋಸೆಫರು ಅತ್ತೆಯನ್ನು ಹುಣಸೆಮರದ ಕೆಳಗಿಂದ ಎಬ್ಬಿಸಿದರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಸಿಕ್ಕ ಕಾಗದ ಹಾಗಿತ್ತು. ಮಡಕೆ ಒಡೆಯಲಿಲ್ಲ, ಬೈಯಲಿಲ್ಲ, ಇನ್ನು ಇಲ್ಲಿ ಕೂರಬೇಡಮ್ಮ ಅಂದರಂತೆ. ನೋಡುತ್ತಿದ್ದವರು ಸುಮ್ಮನಿರಬೇಕಲ್ಲ. ಇಷ್ಟು ವರ್ಷ ನಮಗೆ ಹಚ್ಚಿದ್ದು ಬರೀ ಹಸಿರು ಎಣ್ಣೆಯಾ ಅಂತ ಒಬ್ಬ ಕೇಳಿದನಂತೆ. ನಿನ್ನ ಅಳಿಯ ಕೆಲಸ ಮಾಡುವ ಕಡೆಯಿಂದಲೇ ಕಾಗದ ಬಂದಿರೋದು ಅಂತ ಇನ್ನೊಬ್ಬ ಹೇಳಿದನಂತೆ.

ಅವತ್ತು ಸಂಜೆ ಅತ್ತೆ ಮಡಕೆ ಹೊತ್ತುಕೊಂಡು ನಮ್ಮ ಲೈನ್ ಮನೆಗೆ ಬಂದಳು. ಅಪ್ಪ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ. ಏಳುಮಲೈ ಅವಳ ಹಿಂದೆಯೇ ಬಂದು ನನ್ನನ್ನು ನೋಡಿ, “ಸಾರ್, ನಂ ಕಾಲ್ ವಾಸಿ ಆಗಿದ್ದು ಪೊಯ್ಯಾ ಸಾರ್? ನೋಡಿ, ಕಾಲ್ ಸುಳ್ ಹೇಳ್ತದಾ?” ಅಂತ ಪಾದ ಎತ್ತಿ ತೋರಿಸಿದ. ಚಿಕ್ಕಂದಿನಿಂದ ನನ್ನನ್ನು ಎತ್ತಿ ಆಡಿಸಿದವನು ಅವತ್ತು ಮೊದಲ ಸಲ ಸಾರ್ ಅಂದ. ಅತ್ತೆ ಅವನನ್ನು ಸುಮ್ಮನಿರಿಸಿದಳು. ಬೈಯುತ್ತಾಳೆ, ಅಳುತ್ತಾಳೆ, ಶಾಪ ಹಾಕುತ್ತಾಳೆ ಅಂತ ನಾನು ಗೋಡೆಗೆ ಒರಗಿ ನಿಂತಿದ್ದೆ. ಅವಳು ಕೇಳಿದ್ದು ಇಷ್ಟೇ:

“ನೀರಾಕಿದ್ಯೇನ್ಲಾ?”

“ಕುದಿಸ್ದೆ ಅತ್ತೆ.”

“ಅಂಗಾದ್ರೆ ಎಲೆ ತಪ್ಪಲ್ಲ, ಬುಡು,” ಅಂದಳು. ಮಡಕೆ ಕೆಳಗಿಳಿಸಿ, “ನೀರ್ಗೆ ಅದು ಬರಾಕಿಲ್ಲ ಕಣ್ಲಾ. ಎಣ್ಣೆ ಕರೆದ್ರೇನೇ ಬರೋದು. ನಮ್ಮವ್ವ ಏಳಿದ್ಲು. ನಿಂಗೂ ಏಳಿದ್ನಲ್ಲಾ,” ಅಂದಳು.

ಸಸ್ಯಶಾಸ್ತ್ರದ ಜೊತೆಗೆ ಮೂರು ವರ್ಷ ರಸಾಯನಶಾಸ್ತ್ರವನ್ನೂ ಓದಿದವನು ನಾನು. ಕೆಲವು ವಸ್ತು ನೀರಲ್ಲಿ ಕರಗುತ್ತವೆ, ಕೆಲವು ಎಣ್ಣೆಯಲ್ಲಿ, ಸ್ಪಿರಿಟ್ಟಿನಲ್ಲಿ ಕರಗುತ್ತವೆ ಅನ್ನುವುದು ಮೊದಲ ವರ್ಷದ ಪಾಠ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅದನ್ನೇ ಅತ್ತೆ ಬೆತ್ತ ಹಿಡಿದು ಹೇಳಿಕೊಟ್ಟಿದ್ದಳು, ಅವಳ ಬಾಯಲ್ಲಿ ಬಂದದ್ದಕ್ಕೆ ನಾನು ಅದನ್ನು ಆಚಾರ ಅಂದುಕೊಂಡೆ. ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಈ ಥರದ ತಪ್ಪಿಗೆ ಹೆಸರಿಲ್ಲ. ನಮ್ಮಂಥ ಮನೆಯಿಂದ ಹೋಗಿ ಮೊದಲ ಸಲ ಬಿಳಿ ಕೋಟು ಹಾಕಿದವರು ಇದನ್ನು ಮಾಡುತ್ತೇವೆ.

ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ನನ್ನ ಕೆಲಸ ಶುರು. ನಾಗಮಲ್ಲಿಗೆ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೂರು ದಿನ ಸ್ಪಿರಿಟ್ಟಿನಲ್ಲಿ ನೆನೆಸಿದೆ. ಬಿಲ್ಲೆಗಳನ್ನು ಅದರಲ್ಲಿ ಅದ್ದಿ, ಒಣಗಿಸಿ, ತಟ್ಟೆಯ ಮೇಲಿಟ್ಟೆ. ಹತ್ತನೆಯ ದಿನ ಬಿಲ್ಲೆಯ ಸುತ್ತ ಬೋಳು ಉಂಗುರ. ಅಂಚು ಎಷ್ಟು ಚೊಕ್ಕವಾಗಿತ್ತೆಂದರೆ ಬಳೆ ಇಟ್ಟು ಗೆರೆ ಎಳೆದ ಹಾಗೆ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಶೇಷಗಿರಿಯವರ ಮೇಜಿಗೆ ಒಯ್ದೆ.

ಅವರು ಎರಡು ಸಲ ನೋಡಿದರು. ಸ್ಪಿರಿಟ್ಟೇ ಕೊಂದಿದೆ ಅಂದರು. ಸರಿಯಾದ ಪ್ರಶ್ನೆಯೇ. ಬರೀ ಸ್ಪಿರಿಟ್ಟಿನಲ್ಲಿ ಅದ್ದಿ ಒಣಗಿಸಿದ ಬಿಲ್ಲೆ ಇಟ್ಟು ಇನ್ನೂ ಹತ್ತು ದಿನ ಕಾದೆ. ಅದರ ಸುತ್ತ ಶಿಲೀಂಧ್ರ ದಟ್ಟವಾಗಿ ಬೆಳೆದಿತ್ತು. ಅದನ್ನೂ ಒಯ್ದೆ. ಆಗ ಅವರ ಧಾಟಿಯೇ ಬದಲಾಯಿತು. ಒಳ್ಳೇದು, ಎಲೆ ಎಲ್ಲಿ ಬೆಳೆಯುತ್ತೆ, ಎಷ್ಟು ಸಿಗುತ್ತೆ ವಿಚಾರಿಸು, ನಮ್ಮ ಮುಲಾಮಿಗೆ ಸೇರಿಸಬಹುದು ಅಂದರು. ಹಾಗಾದರೆ ಆ ಹೆಂಗಸಿನ ಮೇಲಿನ ವರದಿ ತಿದ್ದಬೇಕಲ್ಲ ಸರ್ ಅಂದೆ. ಅದೇಕೆ ತಿದ್ದಬೇಕು ಅಂದರು. ನಾವು ಕಷಾಯ ಪರೀಕ್ಷಿಸಿದೆವು, ಕಷಾಯದಲ್ಲಿ ಗುಣವಿಲ್ಲ, ಬರೆದದ್ದರಲ್ಲಿ ಸುಳ್ಳೇನಿದೆ ಅಂತ ವಾದಿಸಿದರು. ತನ್ನ ವರದಿಯನ್ನು ತಾನೇ ತಿದ್ದುವ ಪ್ರಯೋಗಾಲಯವನ್ನು ಯಾರೂ ನಂಬುವುದಿಲ್ಲ ಅಂತಲೂ ಹೇಳಿದರು.

ಎಲೆ ಕಾರ್ಖಾನೆಯ ಮುಲಾಮಿಗೆ ಸೇರಿದರೆ ಗುಣ, ಗುರಮ್ಮನ ಮಡಕೆಗೆ ಸೇರಿದರೆ ಮೋಸ. ಇದನ್ನು ಅವರು ಚಹಾ ಕುಡಿಯುತ್ತಾ, ನಗುತ್ತಾ ಹೇಳಿದರು. ಅವರಿಗೆ ಇದು ಅನ್ಯಾಯ ಅನ್ನಿಸಲೇ ಇಲ್ಲ. ಕೆಟ್ಟತನ ಮಾಡುವವನ ಮೇಲೆ ಸಿಟ್ಟು ಬಂದು ಹೋಗುತ್ತದೆ. ಮಾಡಿದ್ದು ಕೆಟ್ಟದ್ದು ಅಂತ ತೋಚದವನ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ನಾನೇ ಸಹಿ ಹಾಕಿ ಕಳಿಸುತ್ತೇನೆ ಅಂದೆ. ಆ ಮೊದಲಿನ ಮಾತು, ಬಾಗಿಲು ದಾಟೋದು ಆಗದ ಮಾತು, ಆಗ ಬಂದದ್ದು.

ಕಾಗದ ದಾಟದಿದ್ದರೇನು, ನಾನು ದಾಟಿದೆ. ಜೋಸೆಫರ ಮನೆಗೆ ಹೋಗಿ ಎಲ್ಲ ಹೇಳಿದೆ. ಕುದಿಸಿದ್ದು ತಪ್ಪು, ಗೊತ್ತಿದ್ದೂ ಕುದಿಸಿದೆ, ಗುರಮ್ಮ ನನ್ನ ಸೋದರತ್ತೆ, ಗೊತ್ತಿಲ್ಲ ಅಂದದ್ದು ಸುಳ್ಳು. ಜೋಸೆಫರು ತಲೆ ಕೆರೆದುಕೊಂಡರು. “ಮೊದಲು ಅತ್ತೆ ಅಲ್ಲ ಅಂದಿರಿ, ಮದ್ದು ಕೆಟ್ಟದ್ದಾಯ್ತು. ಈಗ ಅತ್ತೆ ಅಂತೀರಿ, ಮದ್ದು ಒಳ್ಳೇದಾಯ್ತು. ನಾನು ಯಾವ ನಾರಾಯಣಪ್ಪನ್ನ ನಂಬಲಿ?” ಅಂದರು. ನನ್ನನ್ನು ನಂಬಬೇಡಿ, ತಟ್ಟೆಯನ್ನು ನಂಬಿ ಅಂದೆ.

ಅವರು ಬುದ್ಧಿವಂತರು. ಒಂದು ವಾರ ಬಿಟ್ಟು ಕಾರ್ಖಾನೆಗೇ ಬಂದರು. ಕೈಯಲ್ಲಿ ಮೂರು ಸೀಸೆ. ಮೂರರಲ್ಲೂ ಒಣಗಿದ ಎಲೆಯ ಹಸಿರು ಪುಡಿ, ಮೇಲೆ ಒಂದು, ಎರಡು, ಮೂರು ಅಂತ ಅಂಕಿ. ಯಾವುದರಲ್ಲಿ ಯಾವ ಎಲೆ ಅನ್ನುವ ಚೀಟಿ ಅವರ ಅಂಗಿಯ ಜೇಬಿನಲ್ಲಿ. ಸಂಶಯ ಬಂದ ವರದಿಯನ್ನು ಮತ್ತೆ ಪರೀಕ್ಷೆ ಮಾಡಿಸುವ ಅಧಿಕಾರ ಅವರಿಗಿತ್ತು, ಶೇಷಗಿರಿಯವರು ಬೇಡವೆನ್ನುವ ಹಾಗಿರಲಿಲ್ಲ. ನಾನು ಮೂರನ್ನೂ ಸ್ಪಿರಿಟ್ಟಿನಲ್ಲಿ ನೆನೆಸಿ ಮೂರು ತಟ್ಟೆ ಮಾಡಿದೆ. ಪುಡಿಯಾದ ಮೇಲೆ ಎಲೆ ಯಾವುದೆಂದು ನನಗೂ ತಿಳಿಯಲಿಲ್ಲ, ನೆನೆಸಿದರೆ ಮೂರೂ ಒಂದೇ ಹಸಿರು. ಏಳುಮಲೈ ತಾನಾಗಿ ಬಂದು, ಇನ್ನೊಂದು ಕಾಲಿನಲ್ಲಿ ಹೊಸದಾಗಿ ಎದ್ದಿದ್ದ ಗಜಕರ್ಣದ ಚರ್ಮ ಕೆರೆಸಿಕೊಂಡು ಹೋದ. ಅತ್ತೆಯ ಮಡಕೆ ನಿಂತ ಮೇಲೆ ಎದ್ದದ್ದು, ಬರೆದುಕೊಳ್ಳಿ ಅಂದ.

ಆ ದಿನಗಳಲ್ಲಿ ನನಗೆ ಒಂದೇ ಲೆಕ್ಕ. ಎರಡು ತಟ್ಟೆಯಲ್ಲಿ ಉಂಗುರ ಬಂದರೆ? ಒಂದರಲ್ಲೂ ಬಾರದಿದ್ದರೆ? ಅತ್ತೆ ಮತ್ತೆ ಹುಣಸೆಮರದ ಕೆಳಗೆ ಕೂರುತ್ತಾಳೋ, ಜನ ಸಾಯುವ ತನಕ ಅವಳನ್ನು ಹಸಿರೆಣ್ಣೆ ಗುರಮ್ಮ ಅನ್ನುತ್ತಾರೋ, ಎಲ್ಲ ಆ ಮೂರು ಗಾಜಿನ ತಟ್ಟೆಗಳಲ್ಲಿತ್ತು.

ಹೇಳಿದ ದಿನ ಬೆಳಿಗ್ಗೆ ಜೋಸೆಫರು ಬಂದರು. ಶೇಷಗಿರಿಯವರ ಮುಂದೆಯೇ ಮುಚ್ಚಳ ತೆಗೆದೆ. ಒಂದನೆಯದರಲ್ಲಿ ಬಿಲ್ಲೆಯೇ ಕಾಣದಷ್ಟು ಬೆಳೆದಿತ್ತು. ಎರಡನೆಯದರಲ್ಲಿ ಬೋಳು ಉಂಗುರ. ಮೂರನೆಯದು ಮೊದಲಿನದರ ಹಾಗೇ. ಜೋಸೆಫರು ಜೇಬಿನಿಂದ ಚೀಟಿ ತೆಗೆದು ಓದಿದರು. ಒಂದು, ಅವರೆ ಎಲೆ. ಮೂರು, ಅವರ ಮನೆಯಲ್ಲಿ ಸಾರಿಗೆ ತಂದಿದ್ದ ದಂಟಿನ ಸೊಪ್ಪು. ಎರಡು, ಗುರಮ್ಮನಿಂದಲೇ ತರಿಸಿದ ನಾಗಮಲ್ಲಿಗೆ.

ಜೋಸೆಫರು ಇದನ್ನು ಬರೆದು ಕೊಡಿ, ಹಳೆಯದು ರದ್ದಾಗಲಿ ಅಂದರು. ನಾನು ಆಗಲೇ ಬರೆದು ಟೈಪು ಮಾಡಿಸಿದ್ದ ಕಾಗದವನ್ನು, ಅಂಕಿ ತುಂಬಿ, ಶೇಷಗಿರಿಯವರ ಮುಂದಿಟ್ಟೆ. ಅವರು ಓದಿದರು. ಮುಖ ಕೆಂಪಾಯಿತು. ತಮ್ಮ ಸಹಿಯ ವರದಿಯನ್ನು ತಮ್ಮ ಸಹಿಯಿಂದಲೇ ರದ್ದು ಮಾಡಬೇಕಲ್ಲ. ಕಾಗದವನ್ನು ನನ್ನ ಕಡೆ ತಳ್ಳಿದರು.

“ಇಂಥ ಕಾಗದಕ್ಕೆ ನಾನು ಸಹಿ ಹಾಕೋದಿಲ್ಲ. ಬೇಕಾದರೆ ನೀನೇ ಹಾಕ್ಕೋ.”

ಜೋಸೆಫರು ನನ್ನನ್ನು ನೋಡಿದರು. ಪರೀಕ್ಷೆ ಮಾಡಿದವನು ಪದವೀಧರನಾದರೆ ಸಾಕು, ನನಗೆ ನಡೆಯುತ್ತೆ ಅಂದರು. ನಾನು ಜೋಸೆಫರದೇ ಪೆನ್ನು ಈಸಿಕೊಂಡು ಎನ್. ನಾರಾಯಣಪ್ಪ, ಬಿ.ಎಸ್ಸಿ. ಎಂದು ಬರೆದೆ. ಆ ಕೊನೆಯ ಅಕ್ಷರ ಸೊಟ್ಟಗಿದೆ. ಜೋಸೆಫರು ಮೂಲ ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಾಗಿಲು ದಾಟಿದರು. ಇನ್ನೊಂದು ಪ್ರತಿಗೆ ತಮ್ಮ ಮೊಹರು ಒತ್ತಿ, ಇದನ್ನು ಆಯಮ್ಮನಿಗೆ ನೀವೇ ಕೊಡಿ, ಮತ್ತೆ ಮರದ ಕೆಳಗೆ ಕೂರಲಿ ಅಂದಿದ್ದರು.

ಮುಂದೆ ಶೇಷಗಿರಿಯವರು ಯಾವುದೋ ಸಭೆಯಲ್ಲಿ ಗ್ರಾಮೀಣರು ಬಳಸುವ ಒಂದು ಎಲೆಯ ಬಗ್ಗೆ ಪ್ರಬಂಧ ಓದಿದರು. ಅದರಲ್ಲಿ ಗುರಮ್ಮನ ಹೆಸರೂ ಇರಲಿಲ್ಲ, ಏಳುಮಲೈ ಕಾಲೂ ಇರಲಿಲ್ಲ, ನನ್ನ ಮೂರು ತಟ್ಟೆ ಮಾತ್ರ ಇದ್ದವು. ಈಗಲೂ ಇದೇ ನಡೆಯುತ್ತಿದೆ. ಎಲೆಯ ಸಾರ ತೆಗೆದು ಅದರ ಅಣುವಿಗೆ ಉದ್ದುದ್ದ ಹೆಸರಿಡುತ್ತೀರಿ. ಎಲೆ ತೋರಿಸಿಕೊಟ್ಟವಳ ಹೆಸರು ಬರೆಯಲು ಒಂದು ಸಾಲು ಜಾಗ ಸಿಗುವುದಿಲ್ಲ. ನಾಚಿಕೆಯಾಗಬೇಕು. ಮೊದಲು ಹೆಸರು ಮುಚ್ಚಿಟ್ಟವನು ನಾನು, ಆದ್ದರಿಂದ ಹೇಳುವ ಹಕ್ಕೂ ನನಗಿದೆ.

ಸಹಿ ಹಾಕಿದ ಆ ವಾರದ ಭಾನುವಾರ ಬಸ್ಸು ಹತ್ತಿ ಬೂದಿಕೋಟೆಗೆ ಹೋದೆ. ಅತ್ತೆ ಹಿತ್ತಲಿನ ಚಪ್ಪರದ ನೆರಳಲ್ಲಿ ಎಲೆ ಹರವುತ್ತಿದ್ದಳು. ಸಂತೆಯಿಂದ ಎಬ್ಬಿಸಿದ ಮೇಲೂ ಅವಳು ಎಲೆ ಕೀಳುವುದನ್ನು ನಿಲ್ಲಿಸಿರಲಿಲ್ಲ. ಕೈ ಒರೆಸಿಕೋ ಅತ್ತೆ ಅಂದು ಮೊಹರು ಒತ್ತಿದ ಪ್ರತಿ ಕೊಟ್ಟೆ. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಓದಿದೆ. ಬೂದಿಕೋಟೆಯ ಗುರಮ್ಮನವರಿಂದ ತಂದ ನಾಗಮಲ್ಲಿಗೆ ಎಲೆಯಲ್ಲಿ ಶಿಲೀಂಧ್ರ ತಡೆಯುವ ಗುಣವಿದೆ. ಹಿಂದಿನ ವರದಿ ರದ್ದು. ಇಲ್ಲಿ ನಿನ್ನ ಹೆಸರು, ಇಲ್ಲಿ ಕೆಳಗೆ ನನ್ನ ಹೆಸರು ಅಂತ ಬೆರಳಿಟ್ಟು ತೋರಿಸಿದೆ. ಅವಳು ಎರಡನ್ನೂ ನೋಡಿದಳು. ಓದು ಬಾರದವಳು, ಆದರೂ ಸಾಕಷ್ಟು ಹೊತ್ತು ನೋಡಿದಳು.

“ನೀರಾಕ್ಬ್ಯಾಡ್ರಿ ಅಂತ ಬರ್ದಿದ್ದೀಯಾ?”

ಬರೆದಿದ್ದೇನೆ, ಕಡೆಯ ಸಾಲಿನಲ್ಲಿದೆ ಅಂದೆ. ನೀರಿನ ಕಷಾಯಕ್ಕೆ ಈ ಗುಣ ಬರುವುದಿಲ್ಲ ಅಂತ ಓದಿ ಹೇಳಿದೆ.

ಅತ್ತೆ ಕಾಗದವನ್ನು ಮಡಿಸಿ, ಒದ್ದೆ ತಾಕದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೆ ಎಲೆ ಹರವಲು ಬಗ್ಗಿದಳು.

“ಅದುನ್ನ ಮೊದ್ಲು ಬರೀಬೇಕಾಗಿತ್ತು ಕಣ್ಲಾ,” ಅಂದಳು. “ಎಸ್ರು ಆಮ್ಯಾಲೆ.”